ಸ್ಟಿಕರ್‌ನಲ್ಲಿ 29, ಕೈಗೆ ಸಿಗುವುದು 16: ಕಾರ್ವೆಟ್ ಮೈಲೇಜಿನ ಅಸಲಿ ಲೆಕ್ಕ

ಪ್ರಶ್ನೆ: ನಾನು ಟೆಕ್ಸಾಸ್‌ನ ಪ್ಲೇನೋದಲ್ಲಿದ್ದೇನೆ. ಈಚೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ 2014ರ ಷೆವ್ರೊಲೆ ಕಾರ್ವೆಟ್ ಸ್ಟಿಂಗ್‌ರೇ ತೆಗೆದುಕೊಂಡೆ. ಏಳು ಗೇರಿನ ಮ್ಯಾನುಯಲ್. ಆಫೀಸು ಮನೆಯಿಂದ 6 ಮೈಲಿ, ದಾರಿಯುದ್ದಕ್ಕೂ ಸಿಗ್ನಲ್. ಡ್ಯಾಶ್‌ಬೋರ್ಡ್ ಸರಾಸರಿ 16 ಎಂಪಿಜಿ (ಒಂದು ಗ್ಯಾಲನ್ ಪೆಟ್ರೋಲಿಗೆ ಓಡುವ ಮೈಲಿ) ತೋರಿಸುತ್ತದೆ. ಒಮ್ಮೆ ಆಸ್ಟಿನ್‌ಗೆ ಹೋಗಿ ಬಂದಾಗ 26 ಬಂತು. ಹೊಸ ಕಾರಿನ ಗಾಜಿಗೆ ಅಂಟಿಸುವ ಸ್ಟಿಕರ್‌ನಲ್ಲಿ ಕಂಪನಿ ಹೇಳಿದ್ದು ಊರಲ್ಲಿ 17, ಹೈವೇಯಲ್ಲಿ 29. ಕಾರಿನಲ್ಲಿ ದೋಷ ಇದೆಯಾ? ಇದನ್ನು ಮಾರಿ ಮಾಜ್ದಾ ಮಿಯಾಟಾ ಎಂಬ ಚಿಕ್ಕ ಸ್ಪೋರ್ಟ್ಸ್ ಕಾರು ತೆಗೆದುಕೊಂಡರೆ ಪೆಟ್ರೋಲ್ ಉಳಿಯುತ್ತದೆಯಾ? ಪ್ರೀಮಿಯಂ ಪೆಟ್ರೋಲೇ ಹಾಕಬೇಕಾ? ದಾವಣಗೆರೆಯಲ್ಲಿರುವ ಅಪ್ಪ ಫೋನ್ ಮಾಡಿದಾಗಲೆಲ್ಲ 'ಎಷ್ಟು ಕೊಡುತ್ತೆ?' ಅಂತ ಕೇಳುತ್ತಾರೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಕಾರು ಚೆನ್ನಾಗಿದೆ. ನೀವೇ ಕೊಟ್ಟ ಎರಡು ಅಂಕಿಯಲ್ಲಿ ಅದು ಗೊತ್ತಾಗುತ್ತದೆ. ಎಂಜಿನ್‌ನಲ್ಲಿ ದೊಡ್ಡ ದೋಷ ಇದ್ದಿದ್ದರೆ ಆಸ್ಟಿನ್ ದಾರಿಯಲ್ಲಿ 26 ಬರುತ್ತಿರಲಿಲ್ಲ. ಬಿಸಿಯಾದ ಎಂಜಿನ್, ಉದ್ದ ದಾರಿ, ಒಂದೇ ವೇಗ, ಇಷ್ಟು ಇದ್ದಾಗ ಬರುವ ಅಂಕಿ ಕಾರಿನ ಬಗ್ಗೆ ಹೇಳುತ್ತದೆ. ಆಫೀಸಿನ ದಾರಿಯ 16 ಹೇಳುವುದು ಹೆಚ್ಚಾಗಿ ಆ ದಾರಿಯ ಬಗ್ಗೆ. ಈ ಎರಡನ್ನೂ ಸೇರಿಸಿ ಒಂದು ಸರಾಸರಿ ಮಾಡಿಕೊಂಡು ಕೊರಗುವವರು ಬಹಳ ಜನ ಇದ್ದಾರೆ. ಸ್ಪೋರ್ಟ್ಸ್ ಕಾರಿನಲ್ಲಿ ಆ ಸರಾಸರಿಯಿಂದ ಏನೂ ತಿಳಿಯುವುದಿಲ್ಲ.

ಮೊದಲು ಅಪ್ಪನಿಗೆ ಹೇಳಲು ಲೀಟರ್ ಲೆಕ್ಕ. ಅಮೆರಿಕದ ಒಂದು ಗ್ಯಾಲನ್ ಅಂದರೆ 3.785 ಲೀಟರ್. ಎಂಪಿಜಿಯನ್ನು 0.425ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ನಿಮ್ಮ 16 ಅಂದರೆ ಲೀಟರಿಗೆ 6.8. ಆಸ್ಟಿನ್‌ನ 26 ಅಂದರೆ 11. 'ಊರಲ್ಲಿ ಏಳು, ಹೈವೇಯಲ್ಲಿ ಹನ್ನೊಂದು' ಅಂತ ಧೈರ್ಯವಾಗಿ ಹೇಳಿ. 6.2 ಲೀಟರಿನ, ಎಂಟು ಸಿಲಿಂಡರಿನ, 455 ಅಶ್ವಶಕ್ತಿಯ ಗಾಡಿಗೆ ಹನ್ನೊಂದು ಅಂದರೆ ನಿಜಕ್ಕೂ ಒಳ್ಳೆಯ ಎಂಜಿನಿಯರಿಂಗ್. ಅದರಲ್ಲಿ ಮುಜುಗರಪಡುವಂಥದ್ದು ಏನೂ ಇಲ್ಲ.

ಈಗ ಆ 29 ಎಲ್ಲಿಂದ ಬಂತು ನೋಡೋಣ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ನಿಗದಿ ಮಾಡಿದ ಪರೀಕ್ಷೆ ಇದೆ. ಕಾರನ್ನು ರಸ್ತೆಗೆ ಒಯ್ಯುವುದಿಲ್ಲ. ಲ್ಯಾಬಿನಲ್ಲಿ ರೋಲರ್ ಮೇಲೆ ನಿಲ್ಲಿಸಿ, ಎಷ್ಟು ಸೆಕೆಂಡಿಗೆ ಎಷ್ಟು ವೇಗ ಅಂತ ಬರೆದಿಟ್ಟ ಪ್ರಕಾರವೇ ಓಡಿಸುತ್ತಾರೆ. ಹೈವೇ ಪರೀಕ್ಷೆಯ ಉದ್ದ ಸುಮಾರು 10 ಮೈಲಿ. ಸರಾಸರಿ ವೇಗ ಗಂಟೆಗೆ 48 ಮೈಲಿ. ಗರಿಷ್ಠ 60. ಮಧ್ಯೆ ಒಮ್ಮೆಯೂ ನಿಲ್ಲುವುದಿಲ್ಲ, ಎಂಜಿನ್ ಆಗಲೇ ಬಿಸಿಯಾಗಿರುತ್ತದೆ. ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವ ಐ-35ರಲ್ಲಿ 60ರಲ್ಲಿ ಹೋದರೆ ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆಯುತ್ತಾನೆ, ಅಲ್ವಾ? ಊರಿನ ಪರೀಕ್ಷೆ 11 ಮೈಲಿ, ಸರಾಸರಿ ವೇಗ 21 ಮೈಲಿ, ತಣ್ಣಗಿನ ಎಂಜಿನ್‌ನಿಂದ ಶುರು, ಇಪ್ಪತ್ತಕ್ಕೂ ಹೆಚ್ಚು ಸಲ ನಿಲುಗಡೆ.

ಹಳೆಯ ಕಾಲದಲ್ಲಿ ಈ ಎರಡೇ ಇದ್ದವು. ಅಂಕಿಗಳು ತೀರಾ ಜಾಸ್ತಿ ಬರುತ್ತಿವೆ ಎಂಬ ದೂರು ಇತ್ತು. 2008ರ ಮಾದರಿಗಳಿಂದ ಇನ್ನೂ ಮೂರನ್ನು ಲೆಕ್ಕಕ್ಕೆ ಸೇರಿಸಿದರು: ಗಂಟೆಗೆ 80 ಮೈಲಿ ವೇಗದವರೆಗೆ ಹೋಗುವ ಜೋರಾದ ಓಟ, 35 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ ಎಸಿ ಹಾಕಿದ ಓಟ, ಮೈನಸ್ 7 ಡಿಗ್ರಿ ಚಳಿಯ ಓಟ. ಹಾಗಾಗಿ 2014ರ ನಿಮ್ಮ ಸ್ಟಿಕರ್ ಮೊದಲಿನದಕ್ಕಿಂತ ಪ್ರಾಮಾಣಿಕ. ಆದರೂ ಅದು ಎರಡು ಕಾರುಗಳನ್ನು ಹೋಲಿಸಲು ಮಾಡಿದ ಅಳತೆ. ನಿಮಗೆ ಇಷ್ಟೇ ಸಿಗುತ್ತದೆ ಅಂತ ಬರೆದುಕೊಟ್ಟ ಮಾತಲ್ಲ. ಭಾರತದಲ್ಲಿ ವಾಹನ ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆಯ ಅಂಕಿಯ ಕಥೆಯೂ ಇದೇ. ಅಲ್ಲಿನ ಹಳೆಯ ಪರೀಕ್ಷಾ ಕ್ರಮದಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್ ಮಾತ್ರ. ಅದಕ್ಕೇ ಅಪ್ಪನ ಕಾರಿನ ಜಾಹೀರಾತಿನ ಅಂಕಿಯೂ ದಾವಣಗೆರೆ ರಸ್ತೆಯಲ್ಲಿ ಸಿಗುವುದಿಲ್ಲ.

ನಿಮ್ಮ 29ರ ಹಿಂದೆ ಇನ್ನೊಂದು ವಿಷಯ ಇದೆ. ಇದು ಬಹಳ ಮಾಲೀಕರಿಗೆ ಗೊತ್ತಿಲ್ಲ. ಈ ಕಾರಿನಲ್ಲಿ ಹಗುರವಾಗಿ ಓಡಿಸುವಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ಕೆಲಸ ನಿಲ್ಲಿಸುವ ವ್ಯವಸ್ಥೆ ಇದೆ. ಮ್ಯಾನುಯಲ್ ಗೇರಿನ ಕಾರಿನಲ್ಲಿ ಇದು ಪೆಟ್ರೋಲ್ ಉಳಿಸಲೆಂದೇ ಇರುವ ಇಕೋ ಮೋಡ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಸ್ಟಿಕರ್‌ನ 29 ಎಂಬುದು ಸಾಮಾನ್ಯ ಮೋಡ್ ಮತ್ತು ಇಕೋ ಮೋಡ್ ಎರಡರ ಸರಾಸರಿ. ಇಕೋ ಒಂದರಲ್ಲೇ 30 ಅಂತ ಕಂಪನಿ ಆಗ ಹೇಳಿಕೊಂಡಿತ್ತು. ನೀವು ಟೂರ್ ಮೋಡ್‌ನಲ್ಲೇ (ಸಾಮಾನ್ಯ ಮೋಡ್‌ಗೆ ಈ ಕಾರಿನಲ್ಲಿರುವ ಹೆಸರು) ಆಸ್ಟಿನ್‌ಗೆ ಹೋಗಿದ್ದರೆ ಆ 29 ನಿಮಗೆ ಅಳೆದ ಅಂಕಿಯೇ ಅಲ್ಲ. ಮುಂದಿನ ಸಲ ಮೋಡ್ ಬದಲಿಸುವ ಗುಬುಟು ತಿರುಗಿಸಿ ಇಕೋಗೆ ಹಾಕಿ. ಸಮತಟ್ಟಾದ ದಾರಿಯಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ವಿ8 ಹೋಗಿ ವಿ4 ಅಂತ ಬರುತ್ತದಾ ನೋಡಿ. ಬರದೇ ಹೋದರೆ ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ದೋಷ ಪತ್ತೆ ಮಾಡುವ ಉಪಕರಣ ಚುಚ್ಚುವ ಜಾಗ) ಹಳೆಯ ಮಾಲೀಕರು ಏನಾದರೂ ಚುಚ್ಚಿದ್ದಾರಾ ಅಂತ ಬಗ್ಗಿ ನೋಡಿ. ನಾಲ್ಕು ಸಿಲಿಂಡರಿನ ಸದ್ದು ಇಷ್ಟವಾಗದವರು ಈ ವ್ಯವಸ್ಥೆಯನ್ನು ತಡೆಯುವ ಸಣ್ಣ ಪ್ಲಗ್ ಹಾಕಿಕೊಳ್ಳುವುದುಂಟು. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಅದು ಹಾಗೇ ಉಳಿದುಬಿಟ್ಟಿರಬಹುದು.

ನಾಲ್ಕು ಸಿಲಿಂಡರ್ ನಿಲ್ಲಿಸಿದರೆ ಪೆಟ್ರೋಲ್ ಯಾಕೆ ಉಳಿಯಬೇಕು? ಕೆಲಸವೇನೂ ಕಡಿಮೆ ಆಗಲಿಲ್ಲವಲ್ಲ! ಇದಕ್ಕೆ ಉತ್ತರ ಗೊತ್ತಾದರೆ ಸ್ಪೋರ್ಟ್ಸ್ ಕಾರಿನ ಮೈಲೇಜ್ ಅರ್ಧ ಅರ್ಥವಾದಂತೆ. ಗಂಟೆಗೆ 60 ಮೈಲಿಯಲ್ಲಿ ಸಮವಾಗಿ ಹೋಗಲು ನಿಮ್ಮ ಕಾರಿಗೆ ಬೇಕಾಗುವುದು ಎಷ್ಟು ಶಕ್ತಿ? ಗಾಳಿಯ ತಡೆ, ಟೈರಿನ ಉರುಳು ತಡೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 15ರಿಂದ 18 ಅಶ್ವಶಕ್ತಿ. ಅಷ್ಟೇ. ಇರುವುದು 455. ಅಂದರೆ ಹೈವೇಯಲ್ಲಿ ಎಂಜಿನ್ ತನ್ನ ಬಲದ ಇಪ್ಪತ್ತನೇ ಒಂದು ಭಾಗವನ್ನೂ ಬಳಸುತ್ತಿಲ್ಲ. ಒಂದು ಲೋಟ ಕಾಫಿಗೆ ಮದುವೆಮನೆ ಕೊಪ್ಪರಿಗೆ ಒಲೆ ಮೇಲಿಟ್ಟಂತೆ.

ಇಷ್ಟು ಕಡಿಮೆ ಶಕ್ತಿ ಬೇಕಾದಾಗ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಆ ಸಣ್ಣ ಸಂದಿಯಿಂದ ಗಾಳಿ ಎಳೆದುಕೊಳ್ಳಲು ಒದ್ದಾಡುತ್ತವೆ. ಆ ಒದ್ದಾಟಕ್ಕೂ ಪೆಟ್ರೋಲ್ ಬೇಕು. ಇದರಿಂದ ಚಕ್ರಕ್ಕೆ ಏನೂ ಸಿಗುವುದಿಲ್ಲ. ನಾಲ್ಕು ಸಿಲಿಂಡರ್‌ಗಳ ವಾಲ್ವ್ ಮುಚ್ಚಿಬಿಟ್ಟರೆ ಉಳಿದ ನಾಲ್ಕು ಎರಡು ಪಾಲು ದುಡಿಯಬೇಕಾಗುತ್ತದೆ. ಅದಕ್ಕೆ ಥ್ರಾಟಲ್ ಇನ್ನಷ್ಟು ತೆರೆಯಬೇಕು. ತೆರೆದಷ್ಟೂ ಒದ್ದಾಟ ಕಡಿಮೆ. ನಿಂತ ಸಿಲಿಂಡರ್‌ಗಳಲ್ಲಿ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗ್‌ನಂತೆ ಒತ್ತಿಕೊಂಡು ಬಿಚ್ಚಿಕೊಳ್ಳುತ್ತದೆ, ಅಲ್ಲಿ ನಷ್ಟ ಬಹಳ ಕಡಿಮೆ.

ಉದ್ದನೆಯ ಏಳನೇ ಗೇರ್ ಇರುವುದೂ ಇದೇ ಕಾರಣಕ್ಕೆ. 70 ಮೈಲಿ ವೇಗದಲ್ಲಿ ಏಳನೇ ಗೇರಿನಲ್ಲಿ ನಿಮ್ಮ ಎಂಜಿನ್ ನಿಮಿಷಕ್ಕೆ 1,500 ಸುತ್ತಿನ ಒಳಗೇ ಇರುತ್ತದೆ. ಕೆಲವರು ಹೈವೇಯಲ್ಲೂ ಐದನೇ ಗೇರಿನಲ್ಲೇ ಹೋಗುತ್ತಾರೆ. 'ಗಾಡಿ ಚುರುಕಾಗಿರಲಿ' ಅಂತ. ಹಾಗೆ ಹೋದರೆ ಸ್ಟಿಕರ್ ಬಗ್ಗೆ ದೂರುವ ಹಾಗಿಲ್ಲ.

ಈಗ ನಿಮ್ಮ ಆಫೀಸ್ ದಾರಿಗೆ ಬರೋಣ. ನಿಜವಾದ ಸೋರಿಕೆ ಇಲ್ಲಿದೆ. 6 ಮೈಲಿಗೆ 16 ಎಂಪಿಜಿಯಂತೆ ನೀವು ಸುಡುವುದು ಸುಮಾರು 0.375 ಗ್ಯಾಲನ್. ಇದು ಎಲ್ಲಿಗೆ ಹೋಯಿತು? ಇಷ್ಟು ದೊಡ್ಡ ವಿ8 ಎಂಜಿನ್ ಎಸಿ ಹಾಕಿಕೊಂಡು ಸುಮ್ನೆ ನಿಂತಿದ್ದರೂ ಗಂಟೆಗೆ ಹತ್ತಿರಹತ್ತಿರ ಅರ್ಧ ಗ್ಯಾಲನ್ ಕುಡಿಯುತ್ತದೆ. ಸಿಗ್ನಲ್‌ಗಳಲ್ಲಿ ಒಟ್ಟು ಎಂಟು ನಿಮಿಷ ನಿಂತಿರಿ ಅಂದುಕೊಳ್ಳಿ. 0.07 ಗ್ಯಾಲನ್ ಅಲ್ಲೇ ಹೋಯಿತು. ನಿಂತಾಗ ಎಂಜಿನ್ ತಾನೇ ಆಫ್ ಆಗುವ ಸೌಲಭ್ಯ ಈ ಕಾರಿನಲ್ಲಿಲ್ಲ.

ಮುಂದಿನದು ಬ್ರೇಕ್. ಸುಮಾರು 1,500 ಕಿಲೋ ತೂಕದ ಗಾಡಿಯನ್ನು 40 ಮೈಲಿ ವೇಗಕ್ಕೆ ತಂದು ಮತ್ತೆ ನಿಲ್ಲಿಸಿದಿರಿ. ಆ ವೇಗಕ್ಕೆ ತರಲು ಬಳಸಿದ ಶಕ್ತಿಯೆಲ್ಲ ಬ್ರೇಕ್ ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಎಂಜಿನ್ ಪೆಟ್ರೋಲಿನ ಐದನೇ ಒಂದು ಭಾಗವನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ ಎಂದು ಹಿಡಿದರೆ, ಹೀಗೆ ಒಂದು ಸಲ ನಿಲ್ಲಿಸುವುದಕ್ಕೆ ತಗಲುವುದು ಗ್ಯಾಲನ್ನಿನ ನೂರನೇ ಒಂದು ಭಾಗ. ಹನ್ನೆರಡು ಸಿಗ್ನಲ್ ಕೆಂಪು ಸಿಕ್ಕರೆ 0.12 ಗ್ಯಾಲನ್. ನಿಂತಿದ್ದಕ್ಕೆ, ನಿಲ್ಲಿಸಿದ್ದಕ್ಕೆ ಎರಡೂ ಸೇರಿಸಿದರೆ 0.19. ನೋಡಿ, ನಿಮ್ಮ ಅರ್ಧ ಪೆಟ್ರೋಲ್ ಸಿಗ್ನಲ್ ಕಂಬಗಳ ಪಾಲಾಯಿತು. ಇದು ನನ್ನ ಒರಟು ಲೆಕ್ಕ, ನಿಮ್ಮ ದಾರಿಯಲ್ಲಿ ಸ್ವಲ್ಪ ಆಚೀಚೆ ಆಗಬಹುದು. ಆದರೆ ಯಾವ ಫಿಲ್ಟರ್ ಬದಲಿಸಿದರೂ, ಯಾವ ಎಣ್ಣೆ ಹಾಕಿದರೂ ಈ ಅರ್ಧ ವಾಪಸ್ ಬರುವುದಿಲ್ಲ.

ಇದರ ಮೇಲೆ ತಣ್ಣಗಿನ ಎಂಜಿನ್. ನಿಮ್ಮ ಎಂಜಿನ್‌ನಲ್ಲಿ ಆರೂವರೆ ಲೀಟರ್‌ನಷ್ಟು ಆಯಿಲ್ ಇದೆ, ಜೋರಾಗಿ ಓಡಿಸುವವರಿಗಾಗಿ ಇರುವ ಝಡ್51 ಪ್ಯಾಕೇಜ್ ಇದ್ದರೆ ಇನ್ನೂ ಜಾಸ್ತಿ. ಗೇರ್‌ಬಾಕ್ಸ್ ಹಿಂದಿನ ಚಕ್ರದ ಹತ್ತಿರ ಇದೆ, ಎಂಜಿನ್ನಿನ ಬಿಸಿ ಅಲ್ಲಿಗೆ ತಲುಪುವುದಿಲ್ಲ. 6 ಮೈಲಿ ಮುಗಿಯುವಾಗ ಕೂಲೆಂಟ್ ಮುಳ್ಳು ಸರಿಯಾದ ಜಾಗಕ್ಕೆ ಬಂದಿರುತ್ತದೆ. ಆದರೆ ಆಯಿಲ್ ಇನ್ನೂ ಪೂರ್ತಿ ಬಿಸಿಯಾಗಿರುವುದಿಲ್ಲ. ಮಂದವಾದ ಆಯಿಲ್ ಕಲಕಲು ಶಕ್ತಿ ಬೇಕು. ಆಫೀಸಿನಲ್ಲಿ ಎಂಟು ಗಂಟೆ ನಿಂತು ಮತ್ತೆ ತಣ್ಣಗಾಗುತ್ತದೆ, ಸಂಜೆ ಮತ್ತೆ ಮೊದಲಿನಿಂದ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಮೈನಸ್ 7 ಡಿಗ್ರಿ ಚಳಿಯಲ್ಲಿ ಊರೊಳಗಿನ ಮೈಲೇಜ್ ಸುಮಾರು 15% ಇಳಿಯುತ್ತದೆ. ಮೂರು ನಾಲ್ಕು ಮೈಲಿಯ ಸಣ್ಣ ಓಡಾಟದಲ್ಲಿ 24%ವರೆಗೂ ಇಳಿಯಬಹುದು. ಪ್ಲೇನೋದಲ್ಲಿ ಅಷ್ಟು ಚಳಿ ಅಪರೂಪ. ಆದರೂ ಜನವರಿಯಲ್ಲಿ 16 ಇದ್ದದ್ದು 14 ಆದರೆ ಗಾಬರಿಯಾಗಬೇಡಿ.

ಹಾಗಾದರೆ ಈ ದಾರಿಯಲ್ಲಿ ಏನೂ ಮಾಡಲಾಗದಾ? ಸ್ವಲ್ಪ ಮಾಡಬಹುದು. ಮುಂದೆ ಕೆಂಪು ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಗೇರಿನಲ್ಲೇ ಬಿಡಿ. ನ್ಯೂಟ್ರಲ್‌ಗೆ ಹಾಕಬೇಡಿ. ಊರಲ್ಲಿ ಹಿರಿಯರು ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುತ್ತಿದ್ದರು. ಕಾರ್ಬ್ಯುರೇಟರ್ ಕಾಲದ ಮಾತು ಅದು. ಈಗಿನ ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಕಾಲು ತೆಗೆದಾಗ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಆಫ್ ಆಗದಿರಲು ಸುಡಲೇಬೇಕು. ಹೊರಡುವಾಗ ಹೆದರಿ ಹೆದರಿ ಕಾಲಿಡುವುದೂ ಬೇಡ. ಸಾಧಾರಣವಾಗಿ ಒತ್ತಿ, 2,000 ಸುತ್ತಿನ ಹತ್ತಿರ ಮೇಲಿನ ಗೇರಿಗೆ ಹಾಕಿ. ಈ ಎಂಜಿನ್ನಿಗೆ ಕೆಳಗಿನ ಸುತ್ತುಗಳಲ್ಲಿ ಬೇಕಾದಷ್ಟು ಎಳೆತ ಇದೆ. ಮೆಲ್ಲಗೆ ಹೊರಟಾಗ ಒಂದರಿಂದ ನೇರ ನಾಲ್ಕಕ್ಕೆ ಗೇರ್ ತಳ್ಳುವ ವ್ಯವಸ್ಥೆ ಕಾರ್ವೆಟ್‌ನಲ್ಲಿ 1989ರಿಂದ ಇದೆ. ಸರ್ಕಾರಿ ಪರೀಕ್ಷೆಯ ಅಂಕಿ ಚೆನ್ನಾಗಿ ಬರಲಿ ಅಂತ ತಂದದ್ದು ಅದು. 1978ರ ಕಾನೂನಿನಂತೆ ಪರೀಕ್ಷೆಯಲ್ಲಿ 22.5 ಎಂಪಿಜಿಗಿಂತ ಕಡಿಮೆ ಬರುವ ಕಾರುಗಳಿಗೆ ಸಾವಿರ ಡಾಲರ್‌ನಿಂದ ಶುರುವಾಗುವ ತೆರಿಗೆ ಇದೆ. ಸ್ಟಿಂಗ್‌ರೇ ಅದರಿಂದ ತಪ್ಪಿಸಿಕೊಂಡಿದೆ. ಈ ತೆರಿಗೆ ಕಾರುಗಳಿಗೆ ಮಾತ್ರ. ಅಷ್ಟೇ ಪೆಟ್ರೋಲ್ ಕುಡಿಯುವ ದೊಡ್ಡ ಪಿಕಪ್, ಎಸ್‌ಯುವಿಗಳಿಗೆ ಇಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಹೈವೇಯಲ್ಲಿ ನಿಮ್ಮ ಕೈಯಲ್ಲಿರುವುದು ವೇಗ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 60ರಿಂದ 75ಕ್ಕೆ ಹೋದರೆ ವೇಗ ಏರಿದ್ದು ಕಾಲು ಪಾಲು, ಗಾಳಿಯ ತಡೆ ಏರಿದ್ದು ಒಂದೂವರೆ ಪಟ್ಟಿಗೂ ಮಿಕ್ಕಿ. 80ರಲ್ಲಿ ಈ ಕಾರಿಗೆ ಬೇಕಾಗುವ ಶಕ್ತಿ 60ರಲ್ಲಿ ಬೇಕಾಗುವುದರ ಎರಡರಷ್ಟು. ಆಸ್ಟಿನ್‌ನಿಂದ ದಕ್ಷಿಣಕ್ಕೆ ಎಸ್‌ಎಚ್ 130 ಟೋಲ್ ರಸ್ತೆ ಇದೆಯಲ್ಲ, ಅಲ್ಲಿ ಒಂದು ಭಾಗದಲ್ಲಿ ಮಿತಿ ಗಂಟೆಗೆ 85 ಮೈಲಿ. ಇಡೀ ಅಮೆರಿಕದಲ್ಲೇ ಅತಿ ಹೆಚ್ಚು. ಆ ವೇಗದಲ್ಲಿ ಹೋದರೆ 26 ಖಂಡಿತ ಬರುವುದಿಲ್ಲ. 65ರಿಂದ 70ರೊಳಗೆ ಕ್ರೂಸ್ ಹಾಕಿ, ಏಳನೇ ಗೇರು, ಇಕೋ ಮೋಡ್, ಎದುರುಗಾಳಿ ಇಲ್ಲದ ದಿನ. ಆಗ 28, 29 ನಿಮಗೂ ಸಿಗುತ್ತದೆ.

ಇನ್ನು ಮಿಯಾಟಾ. ಎಂಎಕ್ಸ್-5 ಎಂಬುದು ಅದರದೇ ಇನ್ನೊಂದು ಹೆಸರು. 2016ರ ಎಂಎಕ್ಸ್-5 ಮ್ಯಾನುಯಲ್‌ಗೆ ಇಪಿಎ ಕೊಟ್ಟದ್ದು ಊರಲ್ಲಿ 27, ಹೈವೇಯಲ್ಲಿ 34. ತೂಕ ಸುಮಾರು 1,060 ಕಿಲೋ, ಎಂಜಿನ್ ಬರೀ 2 ಲೀಟರ್. ಈಗ ನಿಮ್ಮ 17, 29ರ ಪಕ್ಕ ಇಟ್ಟು ನೋಡಿ. ಹೈವೇಯಲ್ಲಿ ವ್ಯತ್ಯಾಸ ಐದೇ ಐದು! ಎಂಜಿನ್ ನಿಮ್ಮದರ ಮೂರನೇ ಒಂದು ಭಾಗ ಇದ್ದೂ ಇಷ್ಟೇ. ಯಾಕೆಂದರೆ ಮಿಯಾಟಾದ ಗೇರುಗಳು ಗಿಡ್ಡ. 70 ಮೈಲಿಯಲ್ಲಿ ಆರನೇ ಗೇರಿನಲ್ಲೂ ಎಂಜಿನ್ ಸುಮಾರು 2,800 ಸುತ್ತು ತಿರುಗುತ್ತಿರುತ್ತದೆ. ಊರಲ್ಲಿ ಮಾತ್ರ ಮಿಯಾಟಾ ಬಹಳ ಮುಂದೆ. ಹಗುರ ಗಾಡಿ, ನಿಲ್ಲಿಸಿದರೆ ಪೋಲಾಗುವುದು ಕಡಿಮೆ. ಚಿಕ್ಕ ಎಂಜಿನ್, ನಿಂತಾಗ ಕುಡಿಯುವುದೂ ಕಡಿಮೆ. ನಿಮ್ಮ ಓಡಾಟ ಹೆಚ್ಚಾಗಿ ಆಸ್ಟಿನ್, ಹ್ಯೂಸ್ಟನ್ ಕಡೆ ಇದ್ದರೆ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಬರೀ ಆಫೀಸ್ ದಾರಿಯಾದರೆ ಉಳಿತಾಯ ನಿಜ.

ಆದರೆ ಆ ಉಳಿತಾಯ ಎಷ್ಟು? ಎಂಪಿಜಿ ಬಿಟ್ಟು ಗ್ಯಾಲನ್‌ನಲ್ಲಿ ಲೆಕ್ಕ ಹಾಕಿ. ವರ್ಷಕ್ಕೆ 8,000 ಮೈಲಿ ಎನ್ನೋಣ. 16ರಂತೆ ನಿಮಗೆ 500 ಗ್ಯಾಲನ್ ಬೇಕು. ಅದೇ ದಾರಿಯಲ್ಲಿ ಮಿಯಾಟಾ 26 ಕೊಟ್ಟರೆ 308. ಉಳಿಯುವುದು 192 ಗ್ಯಾಲನ್. ಗ್ಯಾಲನ್ನಿಗೆ ಮೂರೂವರೆ ಡಾಲರ್ ಹಿಡಿದರೆ ವರ್ಷಕ್ಕೆ ಸುಮಾರು 670 ಡಾಲರ್. ಟೆಕ್ಸಾಸ್‌ನಲ್ಲಿ ಗಾಡಿ ಕೊಳ್ಳುವಾಗ 6.25% ತೆರಿಗೆ ಇದೆ. ಈ ಕಾರನ್ನು ಹೊರಗೆ ಮಾರಿ 25,000 ಡಾಲರಿನ ಮಿಯಾಟಾ ತೆಗೆದುಕೊಂಡರೆ ತೆರಿಗೆಯೇ 1,562 ಡಾಲರ್. ಎರಡು ವರ್ಷದ ಪೆಟ್ರೋಲ್ ಉಳಿತಾಯ ಮೊದಲ ದಿನವೇ ಹೋಯಿತು. ಮಿಯಾಟಾ ಬಹಳ ಒಳ್ಳೆಯ ಕಾರು. ಅದನ್ನು ಓಡಿಸುವ ಆಸೆಗೆ ಕೊಳ್ಳಿ. ಪೆಟ್ರೋಲ್ ಉಳಿಸುವ ಸಲುವಾಗಿ ಇದನ್ನು ಮಾರಿ ಅದನ್ನು ಕೊಳ್ಳಬೇಡಿ. ಆಫೀಸಿನ 6 ಮೈಲಿಗೆ ಮನೆಯಲ್ಲಿ ಇನ್ನೊಂದು ಹೈಬ್ರಿಡ್ ಅಥವಾ ಬ್ಯಾಟರಿ ಕಾರು ಇದ್ದರೆ ಅದನ್ನು ಒಯ್ಯಿರಿ. ಸಿಗ್ನಲ್ ದಾರಿಗೆ ಹೇಳಿ ಮಾಡಿಸಿದ ಗಾಡಿ ಅವು.

ಪೆಟ್ರೋಲಿನ ವಿಷಯ. ನಿಮ್ಮ ಎಂಜಿನ್‌ನಲ್ಲಿ ಒತ್ತಡದ ಅನುಪಾತ (ಸಿಲಿಂಡರ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬ ಲೆಕ್ಕ) 11.5. ಕಂಪನಿ 91 ಆಕ್ಟೇನ್ ಹಾಕಿ ಎನ್ನುತ್ತದೆ. ಆಕ್ಟೇನ್ ಹೆಚ್ಚಿದ್ದಷ್ಟೂ ಪೆಟ್ರೋಲ್ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳುವುದು ಕಡಿಮೆ. ಭಾರತದಲ್ಲಿ ಬರೆಯುವ ಆಕ್ಟೇನ್ ಬೇರೆ ಅಳತೆಯದು. ಅಲ್ಲಿಯ 95 ಇಲ್ಲಿಯ 91ರ ಆಸುಪಾಸು, ಇದನ್ನು ಅಪ್ಪನಿಗೂ ಹೇಳಿ. ಕಡಿಮೆ ಆಕ್ಟೇನ್ ಹಾಕಿದರೆ ಎಂಜಿನ್ ಕೂಡಲೇ ಕೆಡುವುದಿಲ್ಲ. ಹಾಗೆ ಹೊತ್ತಿಕೊಂಡಾಗ ಬರುವ ಬಡಿತ ತಪ್ಪಿಸಲು ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ. ಶಕ್ತಿ ಕಡಿಮೆಯಾಗುತ್ತದೆ, ಮೈಲೇಜೂ ಇಳಿಯುತ್ತದೆ. ಟೆಕ್ಸಾಸ್ ಬಿಸಿಲಲ್ಲಿ ಈ ಬಡಿತ ಇನ್ನೂ ಬೇಗ ಬರುತ್ತದೆ. ನಾನಾದರೆ ಪ್ರೀಮಿಯಂ ಬಿಟ್ಟು ಬೇರೆ ಹಾಕುವುದಿಲ್ಲ. ಬಂಕ್‌ನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10%ವರೆಗೆ ಎಥನಾಲ್ ಇರುತ್ತದೆ, ಅದರಿಂದ ಮೈಲೇಜ್ 3% ಕಡಿಮೆ.

ಡ್ಯಾಶ್‌ಬೋರ್ಡ್ ಅಂಕಿಯನ್ನು ಪೂರ್ತಿ ನಂಬಬೇಡಿ. ಬಹಳ ಕಾರುಗಳಲ್ಲಿ ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಒಂದೇ ಬಂಕ್‌ನ ಒಂದೇ ಪಂಪಿನಲ್ಲಿ, ನಳಿಕೆ ಮೊದಲ ಸಲ ಕ್ಲಿಕ್ ಆಗುವವರೆಗೆ ತುಂಬಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಹಾಗೇ ತುಂಬಿಸಿ, ಓಡಿದ ಮೈಲಿಯನ್ನು ತುಂಬಿದ ಗ್ಯಾಲನ್‌ನಿಂದ ಭಾಗಿಸಿ. ಒಂದು ಟ್ಯಾಂಕಿನ ಅಂಕಿ ಮೋಸ ಮಾಡಬಹುದು, ಮೂರು ನಾಲ್ಕು ಟ್ಯಾಂಕ್ ನೋಡಿ. ಊರಿನ ಟ್ಯಾಂಕು, ಹೈವೇ ಟ್ಯಾಂಕು ಬೇರೆಬೇರೆ ಬರೆದಿಡಿ.

70 ಮೈಲಿಯ ಸಮ ವೇಗದಲ್ಲೂ, ಏಳನೇ ಗೇರಿನಲ್ಲೂ ಈ ಲೆಕ್ಕ 23ರ ಕೆಳಗೆ ಬಂದರೆ ಆಗ ಮೆಕ್ಯಾನಿಕ್ ಹತ್ತಿರ ಹೋಗಿ. ಮೊದಲು ಟೈರ್ ಗಾಳಿ ನೋಡಿ, ತಣ್ಣಗಿದ್ದಾಗ 30 ಪಿಎಸ್‌ಐ ಇರಬೇಕು. ಅಗಲವಾದ, ರಸ್ತೆಗೆ ಅಂಟಿಕೊಳ್ಳುವ ಟೈರುಗಳಿಗೆ ಉರುಳು ತಡೆ ಮೊದಲೇ ಜಾಸ್ತಿ, ಗಾಳಿ ಕಡಿಮೆಯಾದರೆ ಇನ್ನೂ ಜಾಸ್ತಿ. ನಂತರ ಅಲೈನ್‌ಮೆಂಟ್. ಟ್ರ್ಯಾಕ್‌ನಲ್ಲಿ ಓಡಿಸಿದ ಹಳೆಯ ಮಾಲೀಕರು ಅದನ್ನು ಬದಲಿಸಿರುವುದುಂಟು. ಎಂಜಿನ್‌ನ ಏರ್ ಫಿಲ್ಟರ್ ಮೇಲೆ ದುಡ್ಡು ಸುರಿಯಬೇಡಿ. ಈಗಿನ ಎಂಜಿನ್‌ಗಳಲ್ಲಿ ಕೊಳೆ ಫಿಲ್ಟರ್‌ನಿಂದ ಎಳೆತ ಕಡಿಮೆಯಾಗುತ್ತದೆ, ಮೈಲೇಜ್ ಕಡಿಮೆಯಾಗುವುದಿಲ್ಲ ಅಂತ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಪರೀಕ್ಷೆ ಮಾಡಿಯೇ ತೋರಿಸಿದೆ. ಓಬಿಡಿ ಸ್ಕ್ಯಾನರ್ ಹಾಕಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಲು ಹೇಳಿ. ಪ್ಲಸ್ ಅಥವಾ ಮೈನಸ್ 10%ಗಿಂತ ಆಚೆ ಇದ್ದರೆ ಸೆನ್ಸರ್ ಅಥವಾ ಗಾಳಿ ಸೋರಿಕೆಯ ತೊಂದರೆ ಇದೆ. ಕೊನೆಗೆ ಕೂಲೆಂಟ್ ಮುಳ್ಳು. ಹೈವೇಯಲ್ಲಿ ಅರ್ಧ ಗಂಟೆ ಓಡಿದ ಮೇಲೂ ಅದು ಸರಿಯಾದ ಜಾಗಕ್ಕೆ ಬರದೇ ಇದ್ದರೆ ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ನಿಂತುಬಿಟ್ಟಿದೆ ಎಂದರ್ಥ. ಅದನ್ನು ಬದಲಿಸಲು ದೊಡ್ಡ ಖರ್ಚಿಲ್ಲ.